ರೊಟ್ಟಿ ಬಡಿಯುವ ಕೈ

ವಿಜಯಪುರ
18 ಜನವರಿ 2026, ರವಿವಾರ

ಬೆಳಗ್ಗೆ ಐದೂವರೆಗೆ ಎಚ್ಚರವಾಯಿತು. ಸಿದ್ಧೇಶ್ವರ ಜಾತ್ರೆಯ ಗದ್ದಲ ಇನ್ನೂ ಕಿವಿಯಲ್ಲೇ ಇದೆ. ಈ ಚಳಿಯಲ್ಲಿ ಮಾಳಿಗೆ ಹತ್ತುವ ಮನಸ್ಸಾಗಲಿಲ್ಲ. ಪಡಸಾಲೆಯಲ್ಲೇ ಚಾಪೆ ಹಾಸಿ, ಹ್ಯಾಂಡ್‌ಪ್ಯಾನ್ ಅನ್ನೋ, ಕೈಯಲ್ಲಿ ನುಡಿಸುವ ಉಕ್ಕಿನ ವಾದ್ಯವನ್ನು ತೊಡೆ ಮೇಲಿಟ್ಟುಕೊಂಡು ಕೂತೆ. ಮೇಲೆ ಕೂತರೆ ಗೋಳಗುಮ್ಮಟ ಕಾಣುತ್ತದೆ, ಇಲ್ಲಿ ಕೂತರೆ ಅಡುಗೆಮನೆಯಲ್ಲಿ ಅತ್ತೆಯ ಬೆನ್ನು ಕಾಣುತ್ತದೆ. ಇವತ್ತಿನ ಮಟ್ಟಿಗೆ ಬೆನ್ನೇ ಒಳ್ಳೇದಾಯಿತು.

ಈ ವಾದ್ಯ ಮನೆಗೆ ತಂದು ಎರಡು ತಿಂಗಳಾಯಿತು. ಪೆಟ್ಟಿಗೆ ಬಿಚ್ಚಿದ ದಿನ ಅತ್ತೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎರಡು ರೊಟ್ಟಿ ಹಂಚು ಬಾಯಿಗೆ ಬಾಯಿ ಕೂಡಿಸಿದಂಗ ಐತಲ್ಲವಾ" ಅಂದಿದ್ದರು. ಆಮೇಲೆ ಬೋರಲು ಹಾಕಿ ನೋಡಿದರು. "ತಳಕ್ಕ ತೂತ ಐತಿ! ಮೋಸ ಮಾಡ್ಯಾರ ನಿನಗ." ಆ ತೂತಿಗೆ 'ಗು' ಅಂತ ಹೆಸರು, ಒಳಗಿನ ಗಾಳಿ ಆಡಿ ದಪ್ಪ ದನಿ ಬರೋದಕ್ಕೆ ಅದು ಬೇಕು ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಬೆಲೆ ಕೇಳಿದರು. ಅರ್ಧ ಮಾಡಿ ಹೇಳಿದೆ. ಅದಕ್ಕೂ "ಅಷ್ಟರಾಗ ಒಂದ ಎಮ್ಮಿ ಬರ್ತಿತ್ತು" ಅಂದರು.

ಇದು ಹಳೇ ವಾದ್ಯವೇನಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ಊರಲ್ಲಿ ಫೆಲಿಕ್ಸ್ ರೋಹ್ನರ್, ಸಬೀನಾ ಶೆರರ್ ಅನ್ನುವ ಇಬ್ಬರು 2000ದಲ್ಲಿ ಮೊದಲನೆಯದನ್ನು ಮಾಡಿದರು. ಅದಕ್ಕೆ 'ಹಾಂಗ್' ಅಂತ ಹೆಸರಿಟ್ಟರು. ಅಲ್ಲಿನ ಆಡುಮಾತಿನಲ್ಲಿ ಹಾಗಂದರೆ ಕೈ. ಟ್ರಿನಿಡಾಡ್‌ನವರ ಉಕ್ಕಿನ ವಾದ್ಯ ಸ್ಟೀಲ್‌ಪ್ಯಾನ್ ಮಾಡಿ ಮಾಡಿ ಕೈ ಪಳಗಿದ್ದವರು ಅವರು. ಜೊತೆಗೆ ನಮ್ಮ ಘಟಂ ಕೂಡ ಅವರ ತಲೆಯಲ್ಲಿತ್ತು. ಇದನ್ನು ಹೇಳಿದಾಗ ಮಾತ್ರ ಅತ್ತೆಗೆ ಸ್ವಲ್ಪ ಸಮಾಧಾನ. "ಹಂಗಂದ್ರ ಗಡಿಗಿ ಅನ್ನು!" ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಇದೇ ಊರಲ್ಲಿ ಕೂತು ತನ್ನ ತಂಬೂರಿಗೆ ಮೋತಿಖಾನ್ ಅಂತ ಚೆಂದದ ಹೆಸರಿಟ್ಟುಕೊಂಡಿದ್ದ. ನಮ್ಮ ಮನೆಯಲ್ಲಿ ಇದರ ಹೆಸರು ಹಂಚು.

ಯಾಕೆ ತಂದೆ ಅಂದರೆ, ನಿದ್ದೆ ಇರಲಿಲ್ಲ. ಹೋದ ವರ್ಷ ಪೂರ್ತಿ ರಾತ್ರಿ ಮೂರಕ್ಕೆ ಎಚ್ಚರ, ಆಮೇಲೆ ಫ್ಯಾನ್ ನೋಡುತ್ತಾ ಮಲಗೋದು. ಕೌಂಟರಿನಲ್ಲಿ ದಿನವಿಡೀ ನಕ್ಕು ಮಾತಾಡಿ, ಮನೆಗೆ ಬಂದು ಎಲ್ಲರ ಮೇಲೂ ಸಿಡುಕುತ್ತಿದ್ದೆ. ಯಾರೋ ಹೇಳಿದರು ಅಂತ ಆನ್‌ಲೈನ್ ಕ್ಲಾಸಿಗೆ ಸೇರಿದೆ. ನುಡಿಸೋದಕ್ಕೆ ಮುಂಚೆ ಎದೆ ಮೇಲೆ ಕೈ ಇಟ್ಟು 'ನನ್ನನ್ನು ನಾನು ಪ್ರೀತಿಸುತ್ತೇನೆ' ಅಂತ ಹೇಳಬೇಕು ಅಲ್ಲಿ. ನನ್ನ ಬಾಯಿಂದ ಅದು ಬರಲೇ ಇಲ್ಲ. ಸಿನಿಮಾ ಡೈಲಾಗ್ ತಪ್ಪಾಗಿ ಹೇಳಿದ ಹಾಗೆ ಅನಿಸುತ್ತಿತ್ತು. ನಮ್ಮ ಕಡೆ ಯಾರು ಹಾಗೆ ಮಾತಾಡುತ್ತಾರೆ? 'ಜೀವಕ್ಕ ಒಂದೀಟು ಆರಾಮ ಕೊಡು' ಅಂತೀವಿ. ಅಷ್ಟೇ. ನಾನು ತುಟಿ ಮಾತ್ರ ಆಡಿಸುತ್ತಿದ್ದೆ.

ಆದರೆ ವಾದ್ಯ ಮಾತ್ರ ಇಷ್ಟವಾಯಿತು. ನನ್ನ ಪ್ಯಾನಿನ ಸ್ವರಶ್ರೇಣಿಗೆ ಡಿ ಕುರ್ಡ್ ಅಂತ ಹೆಸರು. ನಡುವೆ ಉಬ್ಬಿದ ಡಿಂಗ್, ಸುತ್ತ ಎಂಟು ಗುಳಿಗಳು, ಒಟ್ಟು ಒಂಬತ್ತು ಸ್ವರ. ಡಿಂಗ್‌ ಅನ್ನೇ ಸ ಅಂತ ಹಿಡಿದರೆ ಗ, ಧ, ನಿ ಮೂರೂ ಕೋಮಲ, ಅಂದರೆ ಆಸಾವರಿ ಥಾಟ್. ಸ್ವರ ಬದಲಿಸೋಕೆ ಬರೋದಿಲ್ಲ, ಯಮನ್ ರಾಗ ಬೇಕು ಅಂದರೆ ಬೇರೆ ಪ್ಯಾನೇ ಕೊಳ್ಳಬೇಕು. ಮೊದಮೊದಲು ಇದು ಕೊರತೆ ಅನಿಸಿತ್ತು. ಈಗ ಅದರಿಂದಲೇ ಆರಾಮ. ಎಲ್ಲಿ ಮುಟ್ಟಿದರೂ ಅಪಸ್ವರ ಇಲ್ಲ. ಇಡೀ ದಿನದಲ್ಲಿ ನಾನು ತಪ್ಪು ಮಾಡೋಕೆ ಆಗದೇ ಇರುವ ಜಾಗ ಇದೊಂದೇ ಇರಬೇಕು!

ಅಪಸ್ವರ ಇಲ್ಲದಿದ್ದರೂ ನನ್ನ ಕೈಯಲ್ಲಿ ದನಿ ಚೆನ್ನಾಗಿ ಬರುತ್ತಿರಲಿಲ್ಲ. ತಟ್ಟೆ ಕೆಳಗೆ ಬಿದ್ದ ಸದ್ದು. ಕಲಿಸುವವರು ದಿನಾ ಒಂದೇ ಮಾತು ಹೇಳೋರು: "ಬಡಿಯಬೇಡಿ, ಮುಟ್ಟಿ." ಜೋರಾಗಿ ಬಡಿದರೆ ಉಕ್ಕಿನ ಶ್ರುತಿಯೂ ಕೆಡುತ್ತದೆ. ತಿಳಿಯುತ್ತಿತ್ತು, ಆದರೆ ಕೈ ಕೇಳುತ್ತಿರಲಿಲ್ಲ. ನಾಲ್ಕು ಎಣಿಕೆಗೆ ಉಸಿರು ಒಳಗೆ, ನಾಲ್ಕು ಎಣಿಕೆಗೆ ಹೊರಗೆ ಅಂತ ಶುರು ಮಾಡಿದರೆ, ಎರಡನೇ ಸುತ್ತಿಗೇ ಆಫೀಸಿನ ಯಾವುದೋ ಮಾತು ನೆನಪಾಗಿ ಬೆರಳು ಬಿರುಸಾಗುತ್ತಿತ್ತು.

ಇವತ್ತು ಬೆಳಗ್ಗೆಯೂ ಹಾಗೇ ಆಯಿತು. ಬೇಜಾರಾಗಿ ಕೈ ಬಿಟ್ಟು ಸುಮ್ನೆ ಕೂತೆ. ಆಗ ಅಡುಗೆಮನೆಯಿಂದ ತಪ್ ತಪ್ ತಪ್ ತಪ್. ಹದಿನೆಂಟು ವರ್ಷದಿಂದ ದಿನಾ ಕೇಳಿದ ಸದ್ದು. ಕಿವಿಗೊಟ್ಟು ಕೇಳಿದ್ದು ಇವತ್ತೇ ಮೊದಲು.

ಎದ್ದು ಹೋಗಿ ಬಾಗಿಲಲ್ಲಿ ನಿಂತೆ. ಕಲ್ಲಿನ ಮೇಲೆ ಒಣ ಹಿಟ್ಟು, ಅದರ ಮೇಲೆ ನಾದಿದ ಜೋಳದ ಉಂಡೆ. ಬಲ ಅಂಗೈ ಬೀಳುತ್ತದೆ, ಬಿದ್ದದ್ದು ಕಾಣುವ ಮೊದಲೇ ಎದ್ದಿರುತ್ತದೆ. ಎಡಗೈ ಬೆರಳು ಅಂಚು ಒಡೆಯದ ಹಾಗೆ ಕಾಯುತ್ತವೆ. ರೊಟ್ಟಿ ತಾನಾಗಿ ಸುತ್ತುತ್ತಾ ಅಗಲವಾಗುತ್ತದೆ. ಅತ್ತೆ ರೊಟ್ಟಿ ನೋಡುತ್ತಲೂ ಇರಲಿಲ್ಲ. ಕಣ್ಣು ಕಿಟಕಿ ಕಡೆ ಇತ್ತು. ನಾವು ಇದಕ್ಕೆ ರೊಟ್ಟಿ ಬಡಿಯೋದು ಅಂತೀವಿ. ಅಲ್ಲಿ ಬಡಿತವೇ ಇಲ್ಲ, ಗೊತ್ತಾ?

"ಅತ್ತಿ, ಕೈ ಇಷ್ಟ ಲಗೂನ ಹೆಂಗ ಎತ್ತತೀರಿ?"

"ಎತ್ತೂದೇನ ಬಂತವಾ. ಅಂಟಬಾರ್ದು, ಅಷ್ಟ."

ಕೈ ಅಂಟಿದರೆ ರೊಟ್ಟಿ ಹರಿಯುತ್ತದೆ. ಬೆರಳು ಅಂಟಿದರೆ ಉಕ್ಕಿನ ದನಿ ಅಲ್ಲೇ ಸಾಯುತ್ತದೆ. ಬಂದು ಕೂತು, ಜೋರು ಎಷ್ಟು ಅಂತ ಯೋಚನೆ ಮಾಡದೆ, ಅಂಟಬಾರದು ಅನ್ನೋದೊಂದನ್ನೇ ಇಟ್ಟುಕೊಂಡು ಡಿಂಗ್ ಮುಟ್ಟಿದೆ. ಒಂದೊಂದು ಗುಳಿಯಲ್ಲೂ ಮೂಲ ಸ್ವರದ ಜೊತೆ ಮೇಲಿನ ಸಪ್ತಕದ ಅದೇ ಸ್ವರ, ಇನ್ನೂ ಮೇಲಿನ ಪಂಚಮ ಹೀಗೆ ಮೂರು ಸೇರಿಸಿ ಶ್ರುತಿ ಮಾಡಿರುತ್ತಾರೆ ಅಂತ ಓದಿದ್ದೆ. ಇವತ್ತು ಆ ಪಂಚಮ ಕೇಳಿಸಿತು. ತೆಳ್ಳಗೆ, ಎಲ್ಲೋ ಮೇಲೆ. ಅದು ಪೂರ್ತಿ ಆರುವ ತನಕ ಮುಂದಿನದನ್ನು ಮುಟ್ಟಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಎಣಿಸೋದು ಮರೆತಿತ್ತು.

ಕಣ್ಣು ಬಿಟ್ಟರೆ ಅತ್ತೆ ಎದುರಿಗೆ ನಿಂತಿದ್ದರು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ. "ಕೊಡಿಲ್ಲಿ." ಬಳೆ ತೆಗೆಯಿರಿ ಅಂದೆ. "ಸಂಕ್ರಮಣಕ್ಕ ಇಡಿಸಿಕೊಂಡ ಬಳಿ, ತಗೀಂಗಿಲ್ಲ" ಅಂತ ಮೊಣಕೈ ತನಕ ಮೇಲೆ ಏರಿಸಿ, ಸೆರಗು ಸುತ್ತಿ ಸಿಕ್ಕಿಸಿಕೊಂಡರು. ಆಮೇಲೆ ರೊಟ್ಟಿಯ ಲಯದಲ್ಲೇ, ಸುತ್ತಲೂ ಒಂದೊಂದಾಗಿ. ಎರಡು ತಿಂಗಳಲ್ಲಿ ನನಗೆ ಬಾರದ ದನಿ ಅವರಿಗೆ ಎರಡು ನಿಮಿಷಕ್ಕೆ ಬಂತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನಾನು ಈ ಕಡೆಯಿಂದ ಡಿಂಗ್ ಮುಟ್ಟುತ್ತಾ ಹೋದೆ, ಅವರು ಆ ಕಡೆಯಿಂದ. ಮದುವೆಯಾಗಿ ಬಂದ ಮೇಲೆ ನಾವಿಬ್ಬರೂ ಇಷ್ಟು ಹೊತ್ತು ಮಾತಿಲ್ಲದೆ, ಆದರೆ ಮುನಿಸಿಲ್ಲದೆ ಎದುರುಬದುರು ಕೂತದ್ದು ನೆನಪಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಾಗಲೇ ಎದ್ದಿದ್ದು.

ಉಕ್ಕಿನ ಮೇಲೆ ಅವರ ಬೆರಳಿನ ಹಿಟ್ಟು ಬೆಳ್ಳಗೆ ಉಳಿದಿತ್ತು. ಬೆವರು, ತೇವ ಬಿಟ್ಟರೆ ತುಕ್ಕು ಹಿಡಿಯುತ್ತದೆ, ಒಣ ಬಟ್ಟೆಯಲ್ಲಿ ಒರೆಸುತ್ತಾ ಕೂತೆ. ಅತ್ತೆ ಸೀದ ರೊಟ್ಟಿ ಕೆರೆಯುತ್ತಲೇ ಕೇಳಿದರು.

"ಖರೇ ಹೇಳು, ಎಷ್ಟ ಕೊಟ್ಟಿ ಇದಕ್ಕ?"

ಹೇಳಿದೆ.

ಸ್ವಲ್ಪ ಹೊತ್ತು ಕೆರೆಯೋದು ನಿಂತಿತು. "ಎರಡ ಎಮ್ಮಿ" ಅಂದರು. ಆಮೇಲೆ ದನಿ ತಗ್ಗಿಸಿ, "ನಿನ್ನ ಗಂಡಗ ಹೇಳಬ್ಯಾಡ."

ನನ್ನ ಗಂಡ ಈ ಬ್ಲಾಗ್ ಓದೋದಿಲ್ಲ, ಅದೇ ಧೈರ್ಯ.