ಗೇರ್‌ಬಾಕ್ಸ್ ಬಿಚ್ಚುವ ಮೊದಲು ಕಾರ್ಪೆಟ್ ಎತ್ತಿ ನೋಡಿ

ಜುಲೈ ತಿಂಗಳ ಒಂದು ಭಾನುವಾರ ಸಂಜೆ, ತೀರ್ಥಹಳ್ಳಿಯ ಅಮ್ಮನ ಮನೆಯಿಂದ ಶಿವಮೊಗ್ಗಕ್ಕೆ ವಾಪಸ್ ಬರುತ್ತಿದ್ದೆವು. ಧಾರಾಕಾರ ಮಳೆ. ಮಂಡಗದ್ದೆ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಹಿಂದಿನಿಂದ ಯಾರೋ ಗುದ್ದಿದ ಹಾಗೆ ಧಡ್ ಅಂತ ಒಂದು ಏಟು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ನಮ್ಮದು ಆರು ಗೇರಿನ ಆಟೋಮ್ಯಾಟಿಕ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದು ಮೂರನೇ ಗೇರಿನಲ್ಲಿ ಕೂತುಬಿಟ್ಟಿತ್ತು. ನಿಂತಲ್ಲಿಂದ ಹೊರಡುವಾಗ ಮಲಗಿದ ಎಮ್ಮೆ ಎದ್ದ ಹಾಗೆ ಏಳುತ್ತದೆ, ಅರವತ್ತು ದಾಟಿದರೆ ಅರಚುತ್ತದೆ. ಸಕ್ರೆಬೈಲಿನ ಹತ್ತಿರ ನಿಲ್ಲಿಸಿ, ಆಫ್ ಮಾಡಿ, ಟೀ ಕುಡಿದು ಮತ್ತೆ ಸ್ಟಾರ್ಟ್ ಮಾಡಿದರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಿತು.

ಆ ವಾರ ಇದೇ ಆಟ ನಾಲ್ಕು ಸಲ ನಡೆಯಿತು. ದೊಡ್ಡ ವರ್ಕ್‌ಶಾಪ್ ಒಂದಕ್ಕೆ ಒಯ್ದೆ. ಹತ್ತು ನಿಮಿಷ ಓಡಿಸಿ ನೋಡಿ, 'ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು' ಅಂದರು. ಎಸ್ಟಿಮೇಟ್ 1,85,000 ರೂಪಾಯಿ. ಕಾರಿಗೆ ಈಗ ಸಿಗೋ ಬೆಲೆಯ ಅರ್ಧ ಅದು.

ನನಗೆ ನಂಬಿಕೆ ಬರಲಿಲ್ಲ. ಕ್ಲಚ್ ಪ್ಲೇಟು ಸವೆದಿದ್ದರೆ ಟೀ ಕುಡಿದು ಬರುವಷ್ಟರಲ್ಲಿ ಅದು ಬೆಳೆದು ಬಿಡುತ್ತಾ? ಯಂತ್ರ ಕೆಟ್ಟರೆ ದಿನಾ ಕೆಟ್ಟಿರಬೇಕು, ಅಲ್ವಾ? ಬಂದು ಹೋಗುವ ರೋಗ ಸಾಮಾನ್ಯವಾಗಿ ವೈರಿನದು.

ನಮ್ಮ ಬಡಾವಣೆಯ ಹಿಂದೆ ಕಾರಿನ ವೈರಿಂಗ್ ಕೆಲಸ ಮಾಡುವವರೊಬ್ಬರಿದ್ದಾರೆ. ನನಗೆ ಅವರು 'ಅಣ್ಣ', ಅವರಿಗೆ ನಾನು 'ಮೇಷ್ಟ್ರು'. ಅವರ ಮಗ ನನ್ನ ಕ್ಲಾಸಿನಲ್ಲೇ ಇರೋದು. ಅಣ್ಣ ಮೊದಲು ಕಾರಿನ ಕೆಳಗೆ ಹೋಗಿ ಒಂದಿಷ್ಟು ಗೇರ್ ಆಯಿಲ್ ತೆಗೆದು ಬಿಳಿ ಪ್ಲಾಸ್ಟಿಕ್ ಲೋಟಕ್ಕೆ ಹಾಕಿದರು. ಬೆಳಕಿಗೆ ಹಿಡಿದರೆ ಮುರುಗಲ ಹಣ್ಣಿನ ಪಾನಕದ ಹಾಗೆ ಕೆಂಪಗೆ, ತಿಳಿಯಾಗಿತ್ತು. ಮೂಸಿದರೆ ಸುಟ್ಟ ವಾಸನೆ ಇಲ್ಲ.

'ಇದಕ್ಕೆ ನೀರು ಸೇರಿದ್ರೆ ರೋಸ್ ಮಿಲ್ಕ್ ಆಗಿರ್ತಿತ್ತು ಮೇಷ್ಟ್ರೇ. ಒಳಗೆ ಚೆನ್ನಾಗಿದೆ.'

ರೋಸ್ ಮಿಲ್ಕ್ ಆಗೋದನ್ನ ನಾನು ನೋಡಿದ್ದೇನೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ನೆರೆ ಬಂದು, ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರಲ್ಲ, ಆಗ ನನ್ನ ಭಾವನ ಕಾರು ಬೇಸ್‌ಮೆಂಟಿನಲ್ಲಿ ಮುಳುಗಿತ್ತು. ಗೇರ್‌ಬಾಕ್ಸಿಗೆ ಉಸಿರಾಡಲು ಮೇಲೊಂದು ಸಣ್ಣ ಕೊಳವೆ ಇರುತ್ತದೆ. ನೀರು ಅದಕ್ಕಿಂತ ಮೇಲೆ ಬಂದರೆ ಒಳಗೆ ಹೋಗುತ್ತದೆ. ಆಟೋಮ್ಯಾಟಿಕ್‌ನ ಕ್ಲಚ್ ಪ್ಲೇಟಿಗೆ ಕಾಗದದಂಥ ಒಂದು ಪದರ ಅಂಟಿಸಿರುತ್ತಾರೆ. ನೀರು ಕುಡಿದರೆ ಅದು ಉಬ್ಬಿ, ಅಂಟು ಬಿಟ್ಟು ಕಿತ್ತು ಬರುತ್ತದೆ. ಭಾವ ಸ್ಟಾರ್ಟ್ ಮಾಡದೆ, ಫ್ಲಾಟ್‌ಬೆಡ್ ಲಾರಿ ತರಿಸಿ ಸಾಗಿಸಿದ್ದರು. ಆದರೂ ಗೇರ್‌ಬಾಕ್ಸ್ ಪೂರ್ತಿ ಬಿಚ್ಚಲೇಬೇಕಾಯಿತು.

ನಮ್ಮ ಕಾರು ಎಲ್ಲೂ ಮುಳುಗಿರಲಿಲ್ಲ. ಹಾಗಾಗಿ ನೀರಿನ ಯೋಚನೆಯೇ ನನಗೆ ಬಂದಿರಲಿಲ್ಲ.

ಅಣ್ಣ ಸ್ಕ್ಯಾನರ್ ಚುಚ್ಚಿದರು. ಬಂದದ್ದು ಎರಡು ಕೋಡ್: ಪಿ0700, ಯು0101. ಮೊದಲನೆಯದು ಬರೀ ಚಾಡಿ, 'ಗೇರ್‌ಬಾಕ್ಸ್ ಕಂಪ್ಯೂಟರಿನದು ಏನೋ ದೂರಿದೆ' ಅಂತ. ಎರಡನೆಯದೇ ವಿಷಯ: ಆ ಕಂಪ್ಯೂಟರಿನ ಜೊತೆ ಮಾತುಕತೆ ಕಡಿದುಹೋಗಿದೆ. ಗೇರ್ ಜಾರುತ್ತಿದ್ದರೆ ಪಿ0730ರಂಥ ಕೋಡ್ ಬರುವ ಸಾಧ್ಯತೆ ಜಾಸ್ತಿಯಂತೆ. ಅದು ಇರಲಿಲ್ಲ.

'ಯಾವಾಗ ಆಗತ್ತೆ? ಹತ್ತುವಾಗ್ಲೋ, ಇಳಿಯುವಾಗ್ಲೋ?'

ಯೋಚಿಸಿದೆ. ನಾಲ್ಕು ಸಲವೂ ಇಳಿಜಾರು, ನಾಲ್ಕು ಸಲವೂ ಬ್ರೇಕ್. ಅಣ್ಣ ಮಾತಾಡಲಿಲ್ಲ. ಎಡಗಡೆ ಬಾಗಿಲು ತೆಗೆದು ಮ್ಯಾಟ್ ಸರಿಸಿ, ಕಾರ್ಪೆಟ್ ಮೇಲೆ ಅಂಗೈ ಇಟ್ಟರು. ಒಣಗಿತ್ತು. ಮಂಡಿಯೂರಿ ಜೋರಾಗಿ ಒತ್ತಿದರು. ಬೆರಳ ಸಂದಿಯಿಂದ ನೀರು ಉಕ್ಕಿತು.

ನಾಚಿಕೆಯಾಯಿತು. ಒಂದು ತಿಂಗಳಿಂದ ಕಾರಿನಲ್ಲಿ ಒದ್ದೆ ಗೋಣಿಚೀಲದ ವಾಸನೆ, ಬೆಳಿಗ್ಗೆ ಗಾಜಿನ ಒಳಗಡೆ ಮಂಜು. ಮಲೆನಾಡಿನ ಮಳೆಗಾಲ ಅಂದ್ರೆ ಹೀಗೇ ಅಂತ ಸುಮ್ನಿದ್ದೆ.

ಮುಂದಿನ ಕೆಲಸಕ್ಕೆ ಬ್ಯಾಟರಿ ತೆಗೆದೇ ಕೈ ಹಾಕಿದರು. ಸೀಟಿನ ಕೆಳಗಿನ ಹಳದಿ ಕನೆಕ್ಟರ್‌ಗಳು ಏರ್‌ಬ್ಯಾಗಿನವು, ಅವುಗಳ ಜೊತೆ ತಮಾಷೆ ಬೇಡ. ಸೀಟು ಇಳಿಸಿ ಕಾರ್ಪೆಟ್ ಎತ್ತಿದರೆ ಕೆಳಗೆ ಹಾಸಿಗೆಯಷ್ಟು ದಪ್ಪದ ಸ್ಪಂಜು, ಅದರಡಿಯಲ್ಲಿ ಅರ್ಧ ಇಂಚು ನೀರು. ಮುಂದಿನ ಮೂಲೆಯಲ್ಲಿ, ಕಾಲಿಡುವ ಜಾಗದ ಪಕ್ಕದಲ್ಲೇ ವೈರುಗಳ ಒಂದು ಕನೆಕ್ಟರ್. ಬ್ರೇಕ್ ಒತ್ತಿದಾಗೆಲ್ಲ ನೀರು ಮುಂದಕ್ಕೆ ಓಡಿ ಅದನ್ನು ಮುಳುಗಿಸುತ್ತಿತ್ತು. ಬಿಚ್ಚಿ ತೋರಿಸಿದರು. ಎರಡು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು, ತೊಳೆಯದೆ ಅಟ್ಟಕ್ಕೆ ಹಾಕಿದ ತಾಮ್ರದ ಚೊಂಬಿನ ಹಾಗೆ. ಒಂದನ್ನು ಉಗುರಿನಿಂದ ಕೆರೆದರು, ಅರ್ಧ ಮುರಿದು ಕೈಗೇ ಬಂತು. ಅದು ಗೇರ್‌ಬಾಕ್ಸ್ ಕಂಪ್ಯೂಟರಿನ ಅರ್ತಿಂಗ್. ಅದು ಕಡಿದಾಗೆಲ್ಲ ಕಂಪ್ಯೂಟರ್ ಆಫ್ ಆಗಿ, ಗೇರ್‌ಬಾಕ್ಸ್ ಮೂರನೇ ಗೇರಿನಲ್ಲೇ ಕೂರುತ್ತಿತ್ತು.

ಕಿಲುಬು ವೈರಿನ ಒಳಗೂ ಹತ್ತಿಕೊಂಡು ಹೋಗಿರುತ್ತದೆ. ಅದಕ್ಕೇ ಪಿನ್ ಮಾತ್ರ ಒರೆಸಿದರೆ ಸಾಲದು ಅಂತ, ಹೊಳೆಯುವ ತಾಮ್ರ ಕಾಣುವ ತನಕ ವೈರು ಕತ್ತರಿಸುತ್ತಾ ಹೋದರು. ನಾಲ್ಕು ಬೆರಳಗಲದಷ್ಟು ವೈರು ಕತ್ತರಿಸಿದ ಮೇಲೆ ತಾಮ್ರದ ಕೆಂಪು ಬಣ್ಣ ಬಂತು. ಹೊಸ ತುಂಡು ಬೆಸುಗೆ ಹಾಕಿ, ಹೊಸ ಪಿನ್ ಕೂರಿಸಿ, ಕನೆಕ್ಟರನ್ನು ನೆಲದಿಂದ ಗೇಣುದ್ದ ಮೇಲಕ್ಕೆ ಕಟ್ಟಿದರು.

ಆದರೆ ನೀರು ಬಂದಿದ್ದು ಎಲ್ಲಿಂದ? ಕೂಲೆಂಟ್ ಆಗಿದ್ದರೆ ಅಂಟಂಟಾಗಿ, ಸಿಹಿ ವಾಸನೆ ಇರಬೇಕು. ಎಸಿ ನೀರಾಗಿದ್ದರೆ ಬೇಸಿಗೆಯಲ್ಲೂ ಬರಬೇಕಿತ್ತು. ಮನೆಗೆ ಬಂದು ನಾವೇ ಪರೀಕ್ಷೆ ಮಾಡಿದೆವು. ನನ್ನ ಹೆಂಡತಿ ಟಾರ್ಚ್ ಹಿಡಿದು ಗ್ಲೋವ್‌ಬಾಕ್ಸಿನ ಕೆಳಗೆ ತಲೆ ತೂರಿಸಿದಳು. ನಾನು ಹೊರಗಿನಿಂದ ವೈಪರ್ ಬುಡಕ್ಕೆ ಚೊಂಬಿನಲ್ಲಿ ನೀರು ಹೊಯ್ದೆ. ಮೂರನೇ ಚೊಂಬಿಗೆ 'ಬಂತು ಬಂತು, ನಿಲ್ಸಿ, ಕುತ್ತಿಗೆಗೇ ಬಂತು!' ಅಂತ ಕೂಗಿದಳು. ವೈಪರ್ ಕೆಳಗಿನ ಜಾಲರಿ ಬಿಚ್ಚಿದರೆ ನೀರು ಹೋಗುವ ತೂತು ಕಟ್ಟಿಕೊಂಡಿತ್ತು. ಮನೆ ಮುಂದಿನ ಗುಲ್‌ಮೊಹರ್ ಮರದ ಸಣ್ಣ ಸಣ್ಣ ಎಲೆ ಕೊಳೆತು ಸಗಣಿಯ ಹಾಗೆ ಗಟ್ಟಿಯಾಗಿತ್ತು. ಅಲ್ಲಿ ನಿಂತ ನೀರು ತುಂಬಿ, ಗಾಳಿ ಬರುವ ದಾರಿಯಲ್ಲೇ ಒಳಗೆ ಇಳಿಯುತ್ತಿತ್ತು. ನೆರಳಿಗೆ ಅಂತ ಆ ಮರದ ಕೆಳಗೆ ನಿಲ್ಲಿಸುತ್ತಿದ್ದವನು ನಾನೇ.

ಒಟ್ಟು ಖರ್ಚು 3,400 ರೂಪಾಯಿ. ಸ್ಪಂಜು ಒಣಗಿಸಿದ್ದೇ ದೊಡ್ಡ ಕಥೆ. ಬಿಸಿಲೇ ಇಲ್ಲದ ಊರಲ್ಲಿ ಎಲ್ಲಿ ಒಣಗಿಸೋದು? ತೀರ್ಥಹಳ್ಳಿಗೆ ಒಯ್ದು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದೆವು. ಐದು ದಿನ ಬೇಕಾಯಿತು. 'ಕಾರಿಗೂ ಹಾಸಿಗೆ ಉಂಟಾ?' ಅಂತ ಅಮ್ಮ ಕೇಳಿದಳು. ಈಗಲೂ ಬಿಸಿಲಿಗೆ ಕಾರು ನಿಂತರೆ ಒಳಗೆ ಸಣ್ಣಗೆ ಹೊಗೆ ವಾಸನೆ ಬರುತ್ತದೆ.

ಈಗ ಮಳೆ ಬಂದ ಮಾರನೇ ದಿನ ಕಾರ್ಪೆಟ್ ಅಡಿಗೆ ಹಳೇ ಪೇಪರ್ ತೂರಿಸಿ ನೋಡುತ್ತೇನೆ. ನಿನ್ನೆ ಒಂದು ಮೂಲೆ ಒದ್ದೆಯಾಗಿ ಬಂತು. ಎದೆ ಧಸಕ್ಕೆಂದಿತು. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿದ್ದು ಸೀಟಿನ ಕೆಳಗೆ ಮಗಳು ಮಡಚಿಟ್ಟಿದ್ದ ಛತ್ರಿ.