ಎರಡೂ ಬ್ಯಾಂಡ್ ಹೋದವು

ಬೆಳಗಾವಿ, 9 ಜುಲೈ 2025, ಬುಧವಾರ ರಾತ್ರಿ

ನಮ್ಮ ಲ್ಯಾಬಿನ ಹುಕ್ಕೇರಿ ಹುಡುಗಿ ಇವತ್ತು ಊಟಕ್ಕೂ ಹೋಗಿರಲಿಲ್ಲ. ಸೀದಾ ಬಂದು ಎರಡು ಬ್ಲಾಟ್ ಚಿತ್ರ ನನ್ನ ಮುಂದೆ ಇಟ್ಟಳು. ಬ್ಲಾಟ್ ಅಂದರೆ ಪ್ರೋಟೀನ್‌ಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ತೆಳು ಪೊರೆಯ ಪಟ್ಟಿಗೆ ಇಳಿಸಿದ್ದು; ಆ್ಯಂಟಿಬಾಡಿ ಹೋಗಿ ಪ್ರೋಟೀನ್ ಹಿಡಿದ ಕಡೆ ಬ್ಯಾಂಡ್, ಅಂದರೆ ಗೆರೆ, ಕಾಣುತ್ತದೆ. "ನೋಡ್ರಿ ಮೇಡಂ, ಪೆಪ್ಟೈಡ್ ಹಾಕಿದ್ದರಾಗ ಬ್ಯಾಂಡ್ ಪೂರಾ ಹೋಗ್ಯಾವು. ಆ್ಯಂಟಿಬಾಡಿ ಖರೇನ ಸ್ಪೆಸಿಫಿಕ್ ಐತ್ರಿ."

ಕೆಲಸ ಚೊಕ್ಕವಾಗಿತ್ತು. ಒಂದೇ ಸ್ಯಾಂಪಲ್, ಎರಡು ಪಟ್ಟಿ. ಒಂದಕ್ಕೆ ಬರೀ ಆ್ಯಂಟಿಬಾಡಿ. ಇನ್ನೊಂದಕ್ಕೆ, ತೂಕದಲ್ಲಿ 5 ಪಟ್ಟು ಪೆಪ್ಟೈಡ್ (ನಮ್ಮ ಪ್ರೋಟೀನ್‌ನದೇ ಒಂದು ಸಣ್ಣ ತುಣುಕು) ಬೆರೆಸಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಇಟ್ಟ ಆ್ಯಂಟಿಬಾಡಿ. ಮೊಲಕ್ಕೆ ಚುಚ್ಚಿ ಈ ಆ್ಯಂಟಿಬಾಡಿ ಪಡೆದದ್ದು ಇದೇ ಪೆಪ್ಟೈಡ್‌ನಿಂದ. ಹಿಡಿಯುವ ಜಾಗದಲ್ಲಿ ಅದು ಮೊದಲೇ ಹೋಗಿ ಕೂತರೆ, ಪೊರೆಯ ಮೇಲಿನ ಪ್ರೋಟೀನ್ ಹಿಡಿಯಲು ಜಾಗವೇ ಉಳಿಯಲ್ಲ.

ನನ್ನ ಕಣ್ಣು ಮಾತ್ರ ಮೊದಲ ಪಟ್ಟಿಯಲ್ಲೇ ನಿಂತಿತ್ತು. ನಮ್ಮ ಪ್ರೋಟೀನ್‌ನ ತೂಕ 45 ಕಿಲೋಡಾಲ್ಟನ್. ಅಲ್ಲಿ ಬ್ಯಾಂಡ್ ಇದೆ, ಸರಿ. 70ರ ಹತ್ತಿರವೂ ಒಂದಿದೆ, ಅಷ್ಟೇ ದಪ್ಪ. ಪೆಪ್ಟೈಡ್ ಹಾಕಿದರೆ ಎರಡೂ ಮಾಯ. 30ರ ಮಸುಕು ಗೆರೆ ಎರಡೂ ಪಟ್ಟಿಯಲ್ಲಿ ಹಾಗೇ ಇದೆ.

"30 ಬಿಡು, ಸೆಕೆಂಡರಿಯಿಂದ, ಗುರುತು ತೋರಿಸೋಕೆ ಹಾಕುವ ಎರಡನೇ ಆ್ಯಂಟಿಬಾಡಿಯಿಂದ, ಬಂದಿರಬಹುದು. ಈ 70 ಯಾರದು?"

"ಅದೂ ನಮ್ಮದ ಇರಬೇಕ್ರಿ. ಸಕ್ಕರೆ ಅಂಟಿ ಭಾರ ಆಗಿರಬೇಕು. ಇಲ್ಲಾಂದ್ರ ಪೆಪ್ಟೈಡ್‌ಗೆ ಹೆಂಗ ಹೋಗ್ತಿತ್ತು?"

ಬೇರೆ ಯಾವುದೋ ಪ್ರೋಟೀನ್‌ನಲ್ಲಿ ಅದೇ ಥರದ ಕೆಲವು ಅಮೈನೋ ಆಮ್ಲಗಳು ಸಾಲಾಗಿದ್ದರೂ ಸಾಕು, ಆ್ಯಂಟಿಬಾಡಿ ಅದನ್ನೂ ಅದೇ ಜಾಗದಿಂದ ಹಿಡಿಯುತ್ತದೆ. ಪೆಪ್ಟೈಡ್ ಬಂದರೆ ಸರಿಯಾದ ಬ್ಯಾಂಡ್ ಜೊತೆ ತಪ್ಪು ಬ್ಯಾಂಡೂ ಹೋಗುತ್ತದೆ. 2016ರಲ್ಲಿ ಅಂತಾರಾಷ್ಟ್ರೀಯ ತಂಡವೊಂದು ಆ್ಯಂಟಿಬಾಡಿ ಪರೀಕ್ಷೆಗೆ 5 ದಾರಿ ಸೂಚಿಸಿತಲ್ಲ, ಅದರಲ್ಲಿ ಪೆಪ್ಟೈಡ್ ಇಲ್ಲದಿರುವುದು ಸುಮ್ನೆ ಅಲ್ಲ. ಇದನ್ನೆಲ್ಲ ಹೇಳುತ್ತಾ ಹೋದಂತೆ ಅವಳ ಮುಖ ಸಪ್ಪಗಾಯಿತು. ನನಗೂ ಸಂಕಟವಾಯಿತು. ಆದರೂ ಹೇಳಲೇಬೇಕಿತ್ತು.

ಬ್ಲಾಟ್‌ನಲ್ಲಾದರೂ 45, 70 ಬೇರೆ ಬೇರೆ ಕಾಣುತ್ತವೆ. ಮುಂದಿನ ತಿಂಗಳು ಇದನ್ನೇ ಬಾಯಿ ಕ್ಯಾನ್ಸರ್ ಸ್ಲೈಡ್‌ಗಳಿಗೆ ಹಾಕಬೇಕು. ಅಲ್ಲಿ ಆ್ಯಂಟಿಬಾಡಿ ಹಿಡಿದದ್ದೆಲ್ಲ ಒಂದೇ ಕಂದು ಬಣ್ಣ. ಪೆಪ್ಟೈಡ್ ಹಾಕಿದರೆ ಕಂದು ಹೋಗಿ ನ್ಯೂಕ್ಲಿಯಸ್‌ಗಳ ನೀಲಿ ಮಾತ್ರ ಉಳಿಯುತ್ತದೆ. ನೋಡಲು ಚೆಂದ, ಯಾರೂ ಪ್ರಶ್ನೆ ಕೇಳಲ್ಲ. ಆ ಅಂಗಾಂಶ ಕೊಟ್ಟವರಲ್ಲಿ ನಿಪ್ಪಾಣಿ ಕಡೆ ತಂಬಾಕಿನಲ್ಲೇ ದುಡಿದವರಿದ್ದಾರೆ. ಉಗುರಿನಷ್ಟು ಚೂರು. ಖಾಲಿಯಾದರೆ ಮತ್ತೆ ಯಾರ ಹತ್ತಿರ ಕೇಳುವುದು?

ಅವ್ವ ಬಾಗಲಕೋಟೆಯಿಂದ ಫೋನ್ ಮಾಡಿದ್ದಳು. ಅಲ್ಲಿ ಇನ್ನೂ ಹನಿ ಮಳೆ ಇಲ್ಲವಂತೆ. ಇಲ್ಲಿ ಕೊಡೆ ಒಣಗುತ್ತಿಲ್ಲ. ಸೆಕೆಯಲ್ಲಿ ಒಬ್ಬಳೇ ಕೂತಿದ್ದಾಳೆ, ಇಲ್ಲಿಗೆ ಬಾ ಅಂದರೆ ಕೇಳಲ್ಲ.

ಈಗ ಹುಡುಗಿಯ ಮೆಸೇಜ್ ಬಂತು: "ಆ ಜೀನ್ ಇಲ್ಲದ ಸೆಲ್ ಎಲ್ಲಿ ಸಿಗತಾವ್ರಿ?" ಓದಿ ಜೀವಕ್ಕೆ ಹಾಯೆನಿಸಿತು. ಆ ಸೆಲ್‌ಗಳಲ್ಲಿ ನಮ್ಮ ಪ್ರೋಟೀನೇ ಇರಲ್ಲ; ಅಲ್ಲೂ 70 ಕಂಡರೆ ಅದು ನಮ್ಮದಲ್ಲ. ಅವು ಬರಲು ಟೈಮ್ ಜಾಸ್ತಿ ಬೇಕು. ಅಲ್ಲಿಯವರೆಗೆ ಪ್ರೋಟೀನ್‌ನ ಇನ್ನೊಂದು ತುದಿ ಹಿಡಿಯುವ ಆ್ಯಂಟಿಬಾಡಿ ಪಕ್ಕದ ಲ್ಯಾಬಿನಲ್ಲಿದೆಯಾ ಕೇಳಬೇಕು. ಅದಕ್ಕೂ 70 ಬಂದರೆ ಅವಳ ಮಾತೇ ಸರಿ ಇದ್ದರೂ ಇರಬಹುದು. ಆಗ ಸಕ್ಕರೆ ಕತ್ತರಿಸುವ ಎಂಜೈಮ್ ಹಾಕಿ, 70 ಇಳಿದು 45ಕ್ಕೆ ಬಂದು ಸೇರುತ್ತದಾ ಅಂತ...