ಕಾಯರ್ ಅಂದ್ರೆ ಎಂತ?

ಎಂ.ಟೆಕ್ ಕೊನೆಯ ವರ್ಷ. ಬುಧವಾರ ಪ್ರಾಜೆಕ್ಟ್ ಪ್ರೆಸೆಂಟೇಶನ್. ಭಾನುವಾರ ಸಂಜೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ನೆಲದ ತುಂಬ ಪ್ರಿಂಟ್ ಹಾಳೆ ಹರಡಿಕೊಂಡು ಕೂತಿದ್ದೆ.

ನನ್ನ ಕೆಲಸ ಇಷ್ಟೇ. ಅಚ್ಚಾದ ಕನ್ನಡ ಪುಟದ ಚಿತ್ರ ಕೊಟ್ಟರೆ ಕಂಪ್ಯೂಟರ್ ಅದನ್ನು ಓದಿ ಟೈಪ್ ಮಾಡಿಕೊಡಬೇಕು. ಓಸಿಆರ್ ಅಂತಾರೆ. ಇಲ್ಲಿನ ಒಂದು ಕನ್ನಡ ಸಂಘದವರು ಪ್ರೀತಿಯಿಂದ ತಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳನ್ನೂ, ಅವನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲುಗಳನ್ನೂ ಕೊಟ್ಟಿದ್ದರು. ಸಾಲಿನ ಚಿತ್ರ ಒಂದು ಕಡೆ, ಅದೇ ಸಾಲಿನ ಅಕ್ಷರಗಳು ಇನ್ನೊಂದು ಕಡೆ. ಹೀಗೆ ಸಾವಿರಾರು ಜೋಡಿ ತೋರಿಸಿ, ಚಿತ್ರ ನೋಡಿ ಅಕ್ಷರ ಗುರುತಿಸುವ ಪ್ರೋಗ್ರಾಂ ಆದ ಮಾಡೆಲ್‌ಗೆ ಕಲಿಸಿದ್ದೆ. ನುಡಿಯ ಹಳೆಯ ಫೈಲುಗಳು ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಇರಲಿಲ್ಲ. ಅವನ್ನು ಬದಲಿಸುವ ಪ್ರೋಗ್ರಾಂ ನಾನೇ ಬರೆದಿದ್ದೆ. ಪರೀಕ್ಷೆ ಮಾಡಿದಾಗ ನೂರಕ್ಕೆ ತೊಂಬತ್ತರ ಮೇಲೆ ಸರಿ ಬಂತು. ಗೈಡ್ ಸರ್ ಖುಷಿಪಟ್ಟರು. ಅವರು ಮರಾಠಿಯವರು. ಲ್ಯಾಬಿನಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ.

ಎಂಟು ಗಂಟೆಗೆ ಅಪ್ಪ ಮಾಟುಂಗದ ಹೋಟೆಲಿನಿಂದ ಬಂದರು. ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬೈಗೆ ಬಂದವರು. ಆಗ ಇಲ್ಲಿ ಹೋಟೆಲ್ ಹುಡುಗರು ಓದಲು ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲೆಲ್ಲ ಲೋಟ ತೊಳೆದು, ರಾತ್ರಿ ನಿದ್ದೆಗಣ್ಣಲ್ಲಿ ಓದಿ ಹತ್ತನೇ ಕ್ಲಾಸು ಮುಗಿಸಿದರು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಕನ್ನಡ ಅಕ್ಷರ ತಿದ್ದಿಸಿದ್ದೂ ಅವರೇ.

ಕೈಕಾಲು ತೊಳೆದು ಬಂದು ಒಂದು ಹಾಳೆ ಎತ್ತಿಕೊಂಡರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದೋದು ಅವರ ಅಭ್ಯಾಸ.

"ಎಂತ ಮಗಾ ಇದು? ಕಾಯರ್ ಅಂದ್ರೆ ಎಂತ?"

ನಾನು ತಿರುಗಿ ನೋಡಿದೆ.

"ಸೂಯರ್... ಮೂತಿರ್... ಅರ್ಕಾವೊತ್ತು ಎಲ್ಲ ಹಿಂದೆ ಹೋಗಿ ಕೂತಿದೆಯಲ್ಲ!"

ಹೊಟ್ಟೆಯೊಳಗೆ ತಣ್ಣಗಾಯಿತು. ಕಾರ್ಯ, ಸೂರ್ಯ, ಮೂರ್ತಿ. ಬಾಯಲ್ಲಿ ರ್ ಮೊದಲು, ಬರೆಯುವಾಗ ಅದರ ಗುರುತು, ಅಂದರೆ ಅರ್ಕಾವೊತ್ತು, ಕೊನೆಗೆ. ಯೂನಿಕೋಡ್ ಬಾಯಿಯ ಕ್ರಮ ಹಿಡಿಯುತ್ತದೆ: ರ, ಹಲಂತ (ಸ್ವರ ತೆಗೆಯುವ ಗುರುತು), ಯ. ಹಳೆಯ ನುಡಿ ಫೈಲು ಬರೆಯುವ ಕ್ರಮದಲ್ಲಿ ಇರುತ್ತದೆ. ಬದಲಿಸುವಾಗ ಆ ಗುರುತನ್ನು ಇಡೀ ಅಕ್ಷರ ದಾಟಿಸಿ ಮುಂದಕ್ಕೆ ತರಬೇಕಿತ್ತು. ನಾನು ತಂದಿರಲಿಲ್ಲ. ಮಾಡೆಲ್ ಕಲಿತದ್ದು ತಪ್ಪು ಪಾಠ. ಉತ್ತರ ಹೋಲಿಸಿ ನೋಡಿದ ಪಠ್ಯದಲ್ಲೂ ಅದೇ ತಪ್ಪು. ಎರಡೂ ಹೊಂದಿದ್ದರಿಂದ ಅಂಕ ಚೆನ್ನಾಗಿ ಬಂದಿತ್ತು. ತಿಂಗಳುಗಟ್ಟಲೆ ನಾನು ಆ ಅಂಕವನ್ನೇ ನೋಡಿದ್ದೆ, ಪುಟ ಓದಿರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಮೊದಲು ಬದಲಾದ ಪಠ್ಯದಲ್ಲೇ ಪ್ರತಿ ರ್ ಅನ್ನೂ ಅದರ ಹಿಂದಿನ ಅಕ್ಷರದೊಂದಿಗೆ ಅದಲುಬದಲು ಮಾಡಿದೆ. ಸೂರ್ಯ ಸರಿಯಾಯಿತು, ಡಾಕ್ಟರ್ ಕೆಟ್ಟಿತು. ಕಂಪ್ಯೂಟರ್ ಕೂಡ. ಅಲ್ಲಿ ರ್ ನಿಜವಾಗಿಯೂ ಕೊನೆಯಲ್ಲೇ ಇರಬೇಕು, ಅಲ್ವಾ? ಯೂನಿಕೋಡ್ ಆದ ಮೇಲೆ ಎರಡನ್ನೂ ಬೇರೆ ಮಾಡುವ ದಾರಿ ಇರಲಿಲ್ಲ. ಮೂಲ ನುಡಿ ಫೈಲಿನಲ್ಲಿ ಮಾತ್ರ ಅರ್ಕಾವೊತ್ತಿಗೆ ಬೇರೆಯೇ ಸಂಕೇತ ಇದೆ. ಅಲ್ಲಿಂದಲೇ ಮತ್ತೆ ಶುರು ಮಾಡಿದೆ. ಅಪ್ಪ ಮಲಗಲಿಲ್ಲ. ಎರಡು ಸಲ ಚಹಾ ಮಾಡಿದರು. ಪಕ್ಕದಲ್ಲಿ ಕೂತು ಅರ್ಕಾವೊತ್ತಿನ ಪದಗಳನ್ನು ನೆನಪು ಮಾಡಿಕೊಂಡು ಹೇಳುತ್ತಾ ಹೋದರು: ವರ್ಷ, ಧರ್ಮ, ಅರ್ಧ, ಮಾರ್ಗ, ಕೀರ್ತಿ. ಒಂದೊಂದನ್ನೂ ಹಾಕಿ ನೋಡಿದೆ.

ಸೋಮವಾರ ಬೆಳಿಗ್ಗೆ ಗೈಡ್ ಸರ್‌ಗೆ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾಡೆಲ್‌ಗೆ ಮತ್ತೆ ಕಲಿಸಲು ಲ್ಯಾಬಿನ ಜಿಪಿಯು, ಅಂದರೆ ಭಾರೀ ಲೆಕ್ಕ ವೇಗವಾಗಿ ಮಾಡುವ ಯಂತ್ರ, ಎರಡು ದಿನ ನನಗೇ ಬಿಡಿಸಿಕೊಟ್ಟರು. ಹೊಸ ಅಂಕ ಮೊದಲಿಗಿಂತ ಕಡಿಮೆ ಬಂತು. ಬುಧವಾರ ಅದನ್ನೇ ತೋರಿಸಿದೆ, ಯಾಕೆ ಕಡಿಮೆಯಾಯಿತು ಅಂತಲೂ ಹೇಳಿದೆ.

ಆ ರಾತ್ರಿ ಹೊಸ ಹಾಳೆಗಳನ್ನು ಅಪ್ಪನ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದರು. ಸೂರ್ಯ. ಕಾರ್ಯ. ಮೂರ್ತಿ. ಮೂರನೇ ಹಾಳೆಯಲ್ಲಿ ನಿಂತರು. ಹೋಟೆಲ್ ಲೆಕ್ಕದ ಪೆನ್ಸಿಲ್ ಕಿಸೆಯಿಂದ ತೆಗೆದು ಒಂದು ಪದಕ್ಕೆ ಸುತ್ತು ಹಾಕಿದರು.

"ಇದೊಂದು ನೋಡು ಮಗಾ."